ಫೈಲ್ ಎಪಿಪಿ ಮೇಜಿಗೆ ಹೋಗುವ ಮೊದಲು

ಪ್ರಶ್ನೆ: ಮೇಡಂ, ನಾನು ಉಡುಪಿ ಜಿಲ್ಲೆಯ ಒಂದು ಠಾಣೆಯಲ್ಲಿ ಪಿಎಸ್‌ಐ. ಹೆಸರು, ಠಾಣೆ ಬೇಡ. ನಾನು ಕಳಿಸುವ ಕರಡು ಚಾರ್ಜ್‌ಶೀಟ್‌ಗಳಲ್ಲಿ ಜಾಸ್ತಿ ಪಾಲು ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕರು) ಅವರ ಆಕ್ಷೇಪಣೆಯೊಂದಿಗೆ ವಾಪಸ್ ಬರುತ್ತವೆ. 'ಸಾಕ್ಷಿ ಹೇಳಿಕೆ ಸಾಲದು', 'ಸರ್ಟಿಫಿಕೇಟ್ ಇಲ್ಲ', 'ಪ್ರತಿ ಆರೋಪಿಯ ಪಾತ್ರ ಸ್ಪಷ್ಟವಿಲ್ಲ' ಅಂತ ಬರೆದಿರುತ್ತಾರೆ. ಸರಿ ಮಾಡಿ ಕಳಿಸಿದ ಕೇಸುಗಳೂ ಕೋರ್ಟಿನಲ್ಲಿ ಬಿದ್ದು ಹೋಗುತ್ತವೆ. ತನಿಖೆಯನ್ನು ಪ್ರಾಮಾಣಿಕವಾಗಿಯೇ ಮಾಡಿರುತ್ತೇವೆ. ಎಲ್ಲಿಂದ ಸರಿ ಮಾಡಬೇಕು? ಇನ್ನೊಂದು ಪ್ರಶ್ನೆ: ಎಪಿಪಿ 'ಇದು ನಿಲ್ಲೋದಿಲ್ಲ' ಅಂದರೆ ನಾನು ಬಿ ರಿಪೋರ್ಟ್ (ಸಾಕ್ಷ್ಯ ಸಾಲದು ಅಂತ ಕೇಸ್ ಮುಗಿಸುವ ವರದಿ) ಹಾಕಲೇಬೇಕಾ?

ಉತ್ತರ: ಫೈಲ್ ವಾಪಸ್ ಬಂದ ಮೇಲೆ ಅದನ್ನು 'ಸರಿ ಮಾಡಿ' ಕಳಿಸುತ್ತೇವೆ ಅಂತ ಬರೆದಿದ್ದೀರಿ. ಅಷ್ಟು ಹೊತ್ತಿಗೆ ಸರಿ ಮಾಡಲು ಆಗುವುದು ಕಾಗದ ಮಾತ್ರ. ಸಿಸಿಟಿವಿ ಅಳಿಸಿ ಹೋಗಿರುತ್ತದೆ. ಮಳೆಗೆ ರಸ್ತೆ ತೊಳೆದು ಹೋಗಿರುತ್ತದೆ. ಸಾಕ್ಷಿ ದುಬೈ ವಿಮಾನ ಹತ್ತಿರುತ್ತಾನೆ. ಎಪಿಪಿ ಕೊನೆಗೆ ಕೇಳುವ ಪ್ರಶ್ನೆಗಳನ್ನು ನೀವು ಮೊದಲ ವಾರದಲ್ಲೇ ಕೇಳಿಕೊಳ್ಳಬೇಕು. ಮಂಗಳೂರು, ಉಡುಪಿ ಎರಡೂ ಕಡೆಯ ಕೋರ್ಟುಗಳಲ್ಲಿ ಪ್ರಾಸಿಕ್ಯೂಟರ್ ಆಗಿ ಕೆಲಸ ಮಾಡಿ ನೂರಾರು ಫೈಲ್ ಓದಿದವಳಾಗಿ ನಾನು ಮೊದಲು ಹೇಳುವುದು ಇದನ್ನೇ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಬೆಳಿಗ್ಗೆ ಬಂದೋಬಸ್ತ್, ಮಧ್ಯಾಹ್ನ ಕೋರ್ಟ್, ರಾತ್ರಿ ರೌಂಡ್ಸ್. ನಡುವೆ ತನಿಖೆ. ಕಾನೂನು ಸುವ್ಯವಸ್ಥೆ ಮತ್ತು ತನಿಖೆ ಬೇರೆ ಬೇರೆ ಆಗಬೇಕು ಅಂತ ಸುಪ್ರೀಂ ಕೋರ್ಟ್ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲೇ ಹೇಳಿತ್ತು. ಅದು ಪೂರ್ತಿ ಆಗುವ ತನಕ ನೀವು ಕಾಯುವ ಹಾಗಿಲ್ಲ. ಹಾಗಾಗಿ ಒಬ್ಬ ಪಿಎಸ್‌ಐ ತನ್ನ ಠಾಣೆಯ ಮಟ್ಟದಲ್ಲಿ ಏನು ಮಾಡಬಹುದೋ ಅಷ್ಟನ್ನೇ ಹೇಳುತ್ತೇನೆ.

ಮೊದಲು ಹೇಳಿಕೆಗಳ ವಿಷಯ. ನಮ್ಮ ಕಡೆ ಫೈಲುಗಳು ಬೀಳುವುದು ಇಲ್ಲೇ ಜಾಸ್ತಿ. ಒಂದು ಅಪಘಾತದ ಕೇಸ್ ಇಟ್ಟುಕೊಳ್ಳೋಣ. ರಾಷ್ಟ್ರೀಯ ಹೆದ್ದಾರಿ 66, ಕಾಪು ಹತ್ತಿರ, ಸಂಜೆ ಹೊತ್ತು. ಸ್ಕೂಟರ್ ಸವಾರರಿಗೆ ಕಾರು ಡಿಕ್ಕಿ. ಹಳೆ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್‌ನ ಕಲಂ 281 (ದುಡುಕಿನ ಚಾಲನೆ), 125(ಬಿ) (ಗಂಭೀರ ಗಾಯ). ಫೈಲಿನಲ್ಲಿ ಪ್ರತ್ಯಕ್ಷ ಸಾಕ್ಷಿಯ ಹೇಳಿಕೆ ಹೀಗಿರುತ್ತದೆ: 'ನಾನು ಸದ್ರಿ ಸ್ಥಳದಲ್ಲಿ ನಿಂತುಕೊಂಡಿರುವಾಗ ಮಂಗಳೂರು ಕಡೆಯಿಂದ ಉಡುಪಿ ಕಡೆಗೆ ಕಾರನ್ನು ಅದರ ಚಾಲಕನು ಅತಿವೇಗ, ದುಡುಕುತನ ಹಾಗೂ ನಿರ್ಲಕ್ಷ್ಯತನದಿಂದ ಚಲಾಯಿಸಿಕೊಂಡು ಬಂದು ಸ್ಕೂಟರಿಗೆ ಡಿಕ್ಕಿ ಹೊಡೆದ ಪರಿಣಾಮ ಸವಾರರು ರಸ್ತೆಗೆ ಬಿದ್ದು ತೀವ್ರ ಸ್ವರೂಪದ ಗಾಯಗೊಂಡಿರುತ್ತಾರೆ.' ಕೆಳಗಿನ ಮೂರು ಸಾಕ್ಷಿಗಳದ್ದೂ ಇದೇ ವಾಕ್ಯ. 'ನುಡಿ' ತಂತ್ರಾಂಶದಲ್ಲಿ ಒಮ್ಮೆ ಟೈಪ್ ಮಾಡಿ ಹೆಸರು ಮಾತ್ರ ಬದಲಿಸಿದ್ದು ನೋಡಿದ ಕೂಡಲೇ ತಿಳಿಯುತ್ತದೆ. ಒಂದೇ ಕಾಗುಣಿತದ ತಪ್ಪು ನಾಲ್ಕೂ ಕಡೆ ಇರುತ್ತದೆ.

ಈ ಹೇಳಿಕೆಯಲ್ಲಿ ಸಾಕ್ಷಿ ನೋಡಿದ್ದು ಏನೂ ಇಲ್ಲ. ಇರುವುದು ಕಾನೂನಿನ ಪದಗಳು. 'ದುಡುಕುತನ' ಅನ್ನುವುದು ನ್ಯಾಯಾಧೀಶರು ಕೊನೆಗೆ ತೀರ್ಮಾನ ಮಾಡಬೇಕಾದ ಸಂಗತಿ. ಅದನ್ನು ಗೂಡಂಗಡಿಯವರ ಬಾಯಲ್ಲಿ ಹೇಳಿಸಿ ಪ್ರಯೋಜನ ಇಲ್ಲ. ನಮ್ಮದೇ ರಾಜ್ಯದ ಕೇಸ್, ಸ್ಟೇಟ್ ಆಫ್ ಕರ್ನಾಟಕ ವರ್ಸಸ್ ಸತೀಶ್, 1998. ಬರೀ 'ಅತಿವೇಗ' ಅಂದ ಮಾತ್ರಕ್ಕೆ ದುಡುಕುತನ ಅಥವಾ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ಅಪಘಾತದ ಕೇಸುಗಳಲ್ಲಿ ಆರೋಪಿ ಪರ ವಕೀಲರು ಈ ತೀರ್ಪನ್ನು ಇವತ್ತಿಗೂ ಎತ್ತಿ ತೋರಿಸುತ್ತಾರೆ.

ಅದೇ ಸಾಕ್ಷಿಯನ್ನು ಅವರ ಅಂಗಡಿಯ ಮುಂದೆಯೇ ನಿಲ್ಲಿಸಿ ಕೇಳಿ. 'ನನ್ನ ಅಂಗಡಿ ಹೆದ್ದಾರಿಯ ಪೂರ್ವ ಬದಿಯಲ್ಲಿ, ಡಿವೈಡರ್ ತೆರಪಿನ ಎದುರಿಗೇ ಇದೆ. ಚಹಾ ಕೊಡುತ್ತಾ ರಸ್ತೆ ಕಡೆ ಮುಖ ಮಾಡಿದ್ದೆ. ಕತ್ತಲಾಗಿರಲಿಲ್ಲ. ಸ್ಕೂಟರ್ ತೆರಪಿನಲ್ಲಿ ನಿಂತಿತ್ತು, ಬಲಗಡೆಯ ಇಂಡಿಕೇಟರ್ ಉರಿಯುತ್ತಿತ್ತು. ಎಡ ಪಥದಲ್ಲಿ ಲಾರಿಯೊಂದು ನಿಧಾನ ಹೋಗುತ್ತಿತ್ತು. ಹಿಂದಿನಿಂದ ಬಂದ ಕಾರು ಲಾರಿಯನ್ನು ದಾಟಲು ಬಲಕ್ಕೆ ಬಂದು ಡಿವೈಡರಿಗೆ ತಾಗುವಷ್ಟು ಹತ್ತಿರ ಬಂತು. ಹಾರ್ನ್ ಕೇಳಲಿಲ್ಲ. ಬ್ರೇಕ್ ಸದ್ದು ಡಿಕ್ಕಿ ಆದ ಮೇಲೆ ಕೇಳಿತು. ಕಾರಿನಿಂದ ಇಳಿದವನ ಮುಖ ನೋಡಿದ್ದೇನೆ, ಇನ್ನೊಮ್ಮೆ ಕಂಡರೆ ಗುರುತಿಸಬಲ್ಲೆ. ಕಾರಿನ ನಂಬರ್ ನಾನು ನೋಡಿಲ್ಲ, ರಿಕ್ಷಾದವರು ಬರೆದುಕೊಂಡರು.'

ಇದರಲ್ಲಿ 'ದುಡುಕುತನ' ಅನ್ನುವ ಶಬ್ದವೇ ಇಲ್ಲ. ಆದರೆ ನಿಂತ ಸ್ಕೂಟರಿಗೆ, ಡಿವೈಡರ್ ಪಕ್ಕ, ಬ್ರೇಕ್ ಹಾಕದೆ ಹೊಡೆದದ್ದು ಸ್ಪಷ್ಟವಾಗಿದೆ. ಅಂಗಡಿ ಪೂರ್ವ ಬದಿಯಲ್ಲಿದೆ ಅನ್ನುವ ಒಂದು ಮಾತು ಎಷ್ಟು ಕೆಲಸ ಮಾಡುತ್ತದೆ ನೋಡಿ. ಅದು ಪಶ್ಚಿಮ ಬದಿಯಲ್ಲಿದ್ದಿದ್ದರೆ ಲಾರಿ ಅಡ್ಡ ಬರುತ್ತಿತ್ತು, ಸಾಕ್ಷಿಗೆ ಡಿಕ್ಕಿ ಕಾಣುತ್ತಲೇ ಇರಲಿಲ್ಲ. ಪಾಟಿ ಸವಾಲಿನಲ್ಲಿ ಬರುವ ಮೊದಲ ಪ್ರಶ್ನೆಯೇ ಅದು. 'ನಂಬರ್ ನಾನು ನೋಡಿಲ್ಲ' ಅನ್ನುವ ಮಾತನ್ನೂ ಹಾಗೇ ಬರೆಯಿರಿ. ಸಾಕ್ಷಿ ನೋಡದ್ದನ್ನು ನೋಡಿಲ್ಲ ಅಂದರೆ, ನೋಡಿದ್ದರ ಮೇಲೆ ಕೋರ್ಟಿಗೆ ನಂಬಿಕೆ ಬರುತ್ತದೆ. ಪ್ರತಿ ಸಾಕ್ಷಿಯ ಹೇಳಿಕೆಯನ್ನೂ ಪ್ರತ್ಯೇಕವಾಗಿ, ಹೇಳಿದ ಹಾಗೇ ಬರೆಯಬೇಕು ಅನ್ನುವುದು ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 180ರಲ್ಲೇ ಇದೆ. ಆಡಿಯೊ ವಿಡಿಯೊ ಮಾಡಲೂ ಅವಕಾಶ ಇದೆ.

ಭಾಷೆಯ ವಿಷಯ ನಮ್ಮ ಜಿಲ್ಲೆಗಳಲ್ಲಿ ಬಿಡುವ ಹಾಗಿಲ್ಲ. ಸಾಕ್ಷಿ ಮಾತಾಡುವುದು ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಾಪುರದ ಕನ್ನಡ. ಫೈಲಿನಲ್ಲಿ ಇರುವುದು ಠಾಣೆಯ ಕನ್ನಡ. ಜಗಳದ ಕೇಸ್ ಆದರಂತೂ 'ಅವಾಚ್ಯ ಶಬ್ದಗಳಿಂದ ಬೈದು ಜೀವ ಬೆದರಿಕೆ ಒಡ್ಡಿರುತ್ತಾರೆ' ಅಂತ ಒಂದೇ ಸಾಲು. ಏನು ಬೈದರು, ಏನೆಂದು ಬೆದರಿಸಿದರು? ಬಿಎನ್‌ಎಸ್ ಕಲಂ 352 (ಉದ್ದೇಶಪೂರ್ವಕ ಅವಮಾನ), 351(2) (ಬೆದರಿಕೆ) ಹಾಕಿದ ಮೇಲೆ ಆ ಮಾತುಗಳೇ ಸಾಕ್ಷ್ಯ. ಆರೋಪಿ 'ನಿನನ್ ಬುಡ್ಪುಜಿ' (ನಿನ್ನನ್ನು ಬಿಡುವುದಿಲ್ಲ) ಅಂದಿದ್ದರೆ ಅದನ್ನು ತುಳುವಿನಲ್ಲೇ ಬರೆದು ಪಕ್ಕದಲ್ಲಿ ಕನ್ನಡ ಅರ್ಥ ಕೊಡಿ. ಸಾಕ್ಷಿ ತುಳುವಿನಲ್ಲಿ ಹೇಳಿದರು, ಅವರಿಗೆ ಕನ್ನಡದಲ್ಲಿ ಓದಿ ಹೇಳಲಾಯಿತು ಅಂತಲೂ ಸೇರಿಸಿ. ಕೋರ್ಟಿನಲ್ಲಿ ಅವರು ತುಳುವಿನಲ್ಲೇ ಸಾಕ್ಷಿ ಹೇಳುತ್ತಾರೆ. ಆಗ ಫೈಲಿನ ಮಾತಿಗೂ ಅವರ ಮಾತಿಗೂ ಹೊಂದಿಕೆಯಾಗದೆ, ಇಲ್ಲದ ವಿರೋಧಾಭಾಸ ಹುಟ್ಟುವುದು ಬೇಡ. ಬೈದ ಮಾತು ಗಲೀಜು ಅಂತ ಬಿಡಬೇಡಿ. ಎಷ್ಟೋ ಪಿರ್ಯಾದಿದಾರರು ಹೆಂಗಸರು, ಹೇಳಲು ಮುಜುಗರ ಪಡುತ್ತಾರೆ. ಮಹಿಳಾ ಸಿಬ್ಬಂದಿಯಿಂದ ಸಮಾಧಾನವಾಗಿ ಕೇಳಿಸಿ ಬರೆಸಿ.

ಮತ್ತೆ ಅಪಘಾತದ ಫೈಲಿಗೆ ಬರೋಣ. ಸ್ಥಳ ಮಹಜರು ಮತ್ತು ನಕ್ಷೆ. ನಕ್ಷೆಯಲ್ಲಿ ಅಳತೆ ಇಲ್ಲದಿದ್ದರೆ ಅದು ಬರೀ ಚಿತ್ರ. ರಸ್ತೆಯ ಅಗಲ, ಡಿವೈಡರ್ ತೆರಪಿನ ಅಗಲ, ಡಿಕ್ಕಿಯಾದ ಜಾಗಕ್ಕೆ ಡಿವೈಡರಿನಿಂದ ದೂರ, ಗಾಜಿನ ಚೂರು ಬಿದ್ದ ಜಾಗ, ಬ್ರೇಕ್ ಗುರುತಿನ ಉದ್ದ, ಸ್ಕೂಟರ್ ಬಿದ್ದಿದ್ದ ಜಾಗ, ಸಾಕ್ಷಿಯ ಅಂಗಡಿ. ಇಷ್ಟನ್ನು ಟೇಪ್ ಹಿಡಿದು ಅಳೆದು ಹಾಕಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಒಂದು ರಾತ್ರಿ ಮಳೆಗೆ ಏನೂ ಉಳಿಯುವುದಿಲ್ಲ. ಬೆಳಿಗ್ಗೆ ಮಹಜರು ಮಾಡುತ್ತೇನೆ ಅಂದರೆ ಬ್ರೇಕ್ ಗುರುತೂ ಇಲ್ಲ, ರಕ್ತದ ಕಲೆಯೂ ಇಲ್ಲ. ಯಾರಾದರೂ ಒಬ್ಬರು ಕೂಡಲೇ ಹೋಗಿ ಫೋಟೊ, ವಿಡಿಯೊ ತೆಗೆದಿರಲಿ. ಮಳೆ ಬಿದ್ದು ಗುರುತು ಹೋಗಿದ್ದರೆ ಅದನ್ನೂ ಮಹಜರಿನಲ್ಲಿ ಬರೆಯಿರಿ. ಬರೆಯದಿದ್ದರೆ 'ಗುರುತು ಇರಲೇ ಇಲ್ಲ, ಅಪಘಾತ ಅಲ್ಲಿ ಆಗಲೇ ಇಲ್ಲ' ಅನ್ನುವ ವಾದಕ್ಕೆ ಜಾಗ ಆಗುತ್ತದೆ.

ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಎಲ್ಲರೂ ಕೊನೆಯ ಸಾಲು ಮಾತ್ರ ನೋಡುತ್ತಾರೆ, 'ಯಾಂತ್ರಿಕ ದೋಷದಿಂದ ಆದ ಅಪಘಾತವಲ್ಲ' ಅಂತ. ಅದಕ್ಕಿಂತ ಮೇಲಿನ ಜಖಂ ಪಟ್ಟಿ ಮುಖ್ಯ. ಕಾರಿನ ಬಲ ಮುಂಭಾಗ ಮತ್ತು ಸ್ಕೂಟರಿನ ಹಿಂಭಾಗ ಜಖಂ ಆಗಿದ್ದರೆ ಸಾಕ್ಷಿ ಹೇಳಿದ್ದಕ್ಕೆ ತಾಳೆ ಆಯಿತು. ಎಡಭಾಗ ಜಖಂ ಅಂತ ಇದ್ದರೆ ಎಲ್ಲೋ ತಪ್ಪಿದೆ. ಅದನ್ನು ನೀವೇ ಮೊದಲು ಕಂಡುಹಿಡಿಯಬೇಕು, ಎದುರು ವಕೀಲರಲ್ಲ. ಹೇಳಿಕೆ, ನಕ್ಷೆ, ಜಖಂ ಪಟ್ಟಿ, ಗಾಯದ ಪ್ರಮಾಣಪತ್ರ ನಾಲ್ಕನ್ನೂ ಒಂದೇ ಮೇಜಿನ ಮೇಲೆ ಹರಡಿ ಓದುವ ಅಭ್ಯಾಸ ಇಟ್ಟುಕೊಳ್ಳಿ. ಅರ್ಧ ಗಂಟೆಯ ಕೆಲಸ.

ಇನ್ನು, ಕಾರು ಓಡಿಸುತ್ತಿದ್ದದ್ದು ಯಾರು? ಅಪಘಾತದ ಕೇಸುಗಳು ಬೀಳುವ ಇನ್ನೊಂದು ಜಾಗ ಇದು. ಆರ್‌ಸಿ ಮಾಲೀಕರ ಹೆಸರಿನಲ್ಲಿದೆ, ಆರೋಪಿ ಅವರ ಅಳಿಯ, ಮೂರನೇ ದಿನ ಠಾಣೆಗೆ ಬಂದು ಹಾಜರಾಗಿದ್ದಾನೆ. ಸಾಕ್ಷಿಗಳು ಅವನನ್ನು ಎರಡು ವರ್ಷದ ನಂತರ ಕೋರ್ಟಿನಲ್ಲೇ ಮೊದಲು ನೋಡುವುದು. ಮೋಟಾರು ವಾಹನ ಕಾಯ್ದೆ ಕಲಂ 133ರಲ್ಲಿ ಮಾಲೀಕರಿಗೆ ನೋಟಿಸ್ ಕೊಟ್ಟು, ಆ ಸಮಯಕ್ಕೆ ಚಾಲಕ ಯಾರು ಅಂತ ಲಿಖಿತ ಉತ್ತರ ತೆಗೆದುಕೊಳ್ಳಿ. ನೋಟಿಸ್ ಕೊಟ್ಟದ್ದಕ್ಕೆ ಸ್ವೀಕೃತಿ, ಉತ್ತರಕ್ಕೆ ಮಾಲೀಕರ ಸಹಿ ಇರಲಿ. ಮಾಲೀಕರನ್ನು ಸಾಕ್ಷಿ ಪಟ್ಟಿಗೂ ಸೇರಿಸಿ. ಗುರುತು ಪತ್ತೆ ಪರೇಡ್ ಬೇಕಾದ ಕೇಸ್ ಆದರೆ, ಆರೋಪಿಯ ಫೋಟೊ ವಾಟ್ಸಾಪ್‌ನಲ್ಲಿ ಊರಿಡೀ ಹರಡುವ ಮೊದಲೇ ಮಾಡಿಸಿ.

ಪರಿಹಾರದ ಕೇಸೂ ಇದೇ ಕಾಗದಗಳ ಮೇಲೆ ನಡೆಯುತ್ತದೆ. ಮೊದಲ ಅಪಘಾತ ವರದಿಯನ್ನು 48 ಗಂಟೆಯೊಳಗೆ, ವಿವರವಾದ ವರದಿಯನ್ನು 90 ದಿನದೊಳಗೆ ನ್ಯಾಯಮಂಡಳಿಗೆ ಕೊಡಬೇಕು ಅಂತ 2022ರಿಂದ ನಿಯಮ ಇದೆ. ಆ ವರದಿಯಲ್ಲಿ ಒಂದು ಕಥೆ, ಚಾರ್ಜ್‌ಶೀಟಿನಲ್ಲಿ ಇನ್ನೊಂದು ಆದರೆ ಗಾಯಾಳು ಎರಡೂ ಕಡೆ ಸೋಲುತ್ತಾರೆ.

ಹೊಡೆದಾಟದ ಕೇಸುಗಳಿಗೆ ಗಾಯದ ಪ್ರಮಾಣಪತ್ರವೇ ಜೀವಾಳ. ವೆನ್ಲಾಕ್ ಇರಲಿ, ಮಣಿಪಾಲ ಇರಲಿ, ತಾಲೂಕು ಆಸ್ಪತ್ರೆ ಇರಲಿ, ಪ್ರಮಾಣಪತ್ರ ಕೈಗೆ ಬಂದ ದಿನವೇ 'ಹೇಗೆ ಆಯಿತು' ಅನ್ನುವ ಕಾಲಂ ಓದಿ. ಗಾಯಾಳು ಮೊದಲು 'ಬಿದ್ದೆ' ಅಂತ ಹೇಳಿದ್ದರೆ ಅಲ್ಲಿ ಹಾಗೇ ದಾಖಲಾಗಿರುತ್ತದೆ. ಯಾಕೆ ಹಾಗೆ ಹೇಳಿದರು ಅಂತ ಕೂಡಲೇ ಕೇಳಿ ಮರುಹೇಳಿಕೆ ಮಾಡಿಕೊಳ್ಳಿ. ಹೆದರಿ ಹೇಳಿರಬಹುದು, ಕರೆದುಕೊಂಡು ಹೋದವರು ಹೇಳಿರಬಹುದು. ಮೂಳೆ ಮುರಿತ ಅಂದರೆ ಎಕ್ಸ್‌ರೇ ಮತ್ತು ಅದರ ವರದಿ ಎರಡೂ ಫೈಲಿನಲ್ಲಿ ಬೇಕು. ಗಾಯಾಳು 15 ದಿನ ತೀವ್ರ ನೋವಿನಲ್ಲಿದ್ದರು ಅಥವಾ ದಿನನಿತ್ಯದ ಕೆಲಸ ಮಾಡಲು ಆಗಲಿಲ್ಲ ಅನ್ನುವ ಕಾರಣಕ್ಕೆ ಗಂಭೀರ ಗಾಯ ಅಂತ ಹೇಳುವುದಾದರೆ, ಅದಕ್ಕೂ ಆಸ್ಪತ್ರೆಯ ದಾಖಲೆ ಬೇಕು. ಹಳೆ ಕಾನೂನಿನಲ್ಲಿ ಇದು 20 ದಿನ ಇತ್ತು, ಬಿಎನ್‌ಎಸ್ ಕಲಂ 116ರಲ್ಲಿ 15 ಆಗಿದೆ. ಹಳೆ ನಮೂನೆ ನೋಡಿ ಬರೆಯುವವರು ಈಗಲೂ 20 ಅಂತಲೇ ಹಾಕುತ್ತಾರೆ. ಜಪ್ತಿ ಮಾಡಿದ ಕತ್ತಿ, ಸೋಂಟೆಯನ್ನು (ದೊಣ್ಣೆ) ವೈದ್ಯರಿಗೆ ತೋರಿಸಿ, ಈ ಗಾಯ ಇದರಿಂದ ಆಗಬಹುದೇ ಅಂತ ಅಭಿಪ್ರಾಯ ತೆಗೆದುಕೊಳ್ಳುವುದು ಎಷ್ಟೋ ಫೈಲುಗಳಲ್ಲಿ ಬಿಟ್ಟೇ ಹೋಗಿರುತ್ತದೆ.

'ಪ್ರತಿ ಆರೋಪಿಯ ಪಾತ್ರ ಸ್ಪಷ್ಟವಿಲ್ಲ' ಅನ್ನುವ ಆಕ್ಷೇಪಣೆಯನ್ನು ಎಪಿಪಿ ಸುಮ್ನೆ ಬರೆದಿಲ್ಲ. ಶರೀಫ್ ಅಹ್ಮದ್ ಪ್ರಕರಣದಲ್ಲಿ 2024ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಚಾರ್ಜ್‌ಶೀಟಿನ ಎಲ್ಲ ಕಾಲಂಗಳೂ ಪೂರ್ತಿ ಇರಬೇಕು. ಯಾವ ಆರೋಪಿ ಏನು ಮಾಡಿದ, ಅದಕ್ಕೆ ಯಾವ ಸಾಕ್ಷ್ಯ ಇದೆ ಅಂತ ಬೇರೆ ಬೇರೆಯಾಗಿ ತಿಳಿಯಬೇಕು. ಎಂಟು ಜನರನ್ನು ಸೇರಿಸಿ 'ಆರೋಪಿತರೆಲ್ಲರೂ ಸಮಾನ ಉದ್ದೇಶದಿಂದ ಹಲ್ಲೆ ನಡೆಸಿರುತ್ತಾರೆ' ಅಂತ ಒಂದು ಸಾಲು ಬರೆದರೆ ಏಳು ಜನರ ಜೊತೆ ಎಂಟನೆಯವನೂ ಹೊರಗೆ ಬರುತ್ತಾನೆ. ಕೈಯಲ್ಲಿ ಸೋಂಟೆ ಇದ್ದವ ಯಾರು, ಹಿಡಿದುಕೊಂಡವ ಯಾರು, ಬೈಕ್ ಸ್ಟಾರ್ಟ್ ಇಟ್ಟು ನಿಂತವ ಯಾರು ಅಂತ ಹೆಸರು ಸಮೇತ ಬರೆಯಿರಿ. ಬರೀ ಅಲ್ಲಿ ಇದ್ದವನ ಮೇಲೆ ಏನೂ ಸಾಕ್ಷ್ಯ ಇಲ್ಲದಿದ್ದರೆ ಅವನನ್ನು ಕೈಬಿಡುವ ಧೈರ್ಯ ಮಾಡಿ, ಕಾರಣ ಬರೆಯಿರಿ. ಪಿರ್ಯಾದಿದಾರರು ಕೊಟ್ಟ ಹೆಸರೆಲ್ಲ ಆರೋಪಿ ಕಾಲಂಗೆ ಹೋಗಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ.

'ಸರ್ಟಿಫಿಕೇಟ್ ಇಲ್ಲ' ಅನ್ನುವುದು ಎಲೆಕ್ಟ್ರಾನಿಕ್ ಸಾಕ್ಷ್ಯದ ಬಗ್ಗೆ ಇರಬೇಕು. ಹಿಂದೆ ಹಳೆ ಸಾಕ್ಷ್ಯ ಕಾಯ್ದೆಯ 65ಬಿ ಅನ್ನುತ್ತಿದ್ದೆವು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4). ಈಗಿನ ನಮೂನೆಯಲ್ಲಿ ಎರಡು ಭಾಗ ಇವೆ. ಭಾಗ ಎ ಆ ದಾಖಲೆ ಕೊಡುವವರದ್ದು, ಭಾಗ ಬಿ ತಜ್ಞರದ್ದು. ಎರಡರಲ್ಲೂ ಹ್ಯಾಶ್ ವ್ಯಾಲ್ಯೂ, ಅಂದರೆ ಫೈಲ್ ಬದಲಾಗಿದೆಯೇ ಅಂತ ತೋರಿಸುವ ಡಿಜಿಟಲ್ ಬೆರಳಚ್ಚು, ಬೇಕು. ಇದು ಸುಮ್ನೆ ತಾಂತ್ರಿಕ ತಕರಾರು ಅಂತ ಅಂದುಕೊಳ್ಳಬೇಡಿ. 2014ರ ಅನ್ವರ್ ಪ್ರಕರಣ, 2020ರ ಅರ್ಜುನ್ ಪಂಡಿತರಾವ್ ಪ್ರಕರಣ ಎರಡರಲ್ಲೂ, ಮೂಲ ಸಾಧನವನ್ನೇ ಹಾಜರು ಮಾಡದಿದ್ದರೆ ಸರ್ಟಿಫಿಕೇಟ್ ಕಡ್ಡಾಯ ಅಂತಲೇ ಸುಪ್ರೀಂ ಕೋರ್ಟ್ ಹೇಳಿದ್ದು.

ಠಾಣೆಯಲ್ಲಿ ಆಗುವುದು ಏನು? ಕಾನ್‌ಸ್ಟೆಬಲ್ ಹೋಗಿ ಬೇಕರಿಯ ಸಿಸಿಟಿವಿ ಸ್ಕ್ರೀನನ್ನು ತನ್ನ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಬರುತ್ತಾರೆ. ಅದೇ ಪೆನ್‌ಡ್ರೈವಿಗೆ ಹೋಗಿ ಫೈಲಿಗೆ ಬರುತ್ತದೆ. ಸಿಸಿಟಿವಿ ದೃಶ್ಯ ಉಳಿಸುವ ಪೆಟ್ಟಿಗೆ, ಅಂದರೆ ಡಿವಿಆರ್‌ನಲ್ಲಿದ್ದ ಮೂಲ ಕೆಲವೇ ವಾರಗಳಲ್ಲಿ ತಾನಾಗಿ ಅಳಿಸಿ ಹೋಗುತ್ತದೆ. ಹಾಗೆ ಮಾಡಬೇಡಿ. ಮೊದಲ ಎರಡು ಮೂರು ದಿನದಲ್ಲೇ ಮಾಲೀಕರಿಗೆ ಬರಹದಲ್ಲಿ ಕೇಳಿ, ಡಿವಿಆರ್‌ನಿಂದ ನೇರ ಕಾಪಿ ತೆಗೆಸಿ. ತೆಗೆಯುವಾಗ ಡಿವಿಆರ್ ಗಡಿಯಾರ ತೋರಿಸುವ ಸಮಯ ಮತ್ತು ನಿಜವಾದ ಸಮಯ ಎರಡನ್ನೂ ಮಹಜರಿನಲ್ಲಿ ಬರೆಯಿರಿ. ಹತ್ತು ಇಪ್ಪತ್ತು ನಿಮಿಷದ ವ್ಯತ್ಯಾಸ ಸಾಮಾನ್ಯ. ಬರೆಯದಿದ್ದರೆ ಆರೋಪಿ ಆ ಹೊತ್ತಿಗೆ ಬೇರೆ ಕಡೆ ಇದ್ದ ಅಂತ ಆಗಿಬಿಡುತ್ತದೆ. ಅಲ್ಲೇ ಹ್ಯಾಶ್ ತೆಗೆದು, ಅಲ್ಲೇ ಭಾಗ ಎಗೆ ಸಹಿ ಹಾಕಿಸಿ. ಆರು ತಿಂಗಳು ಕಳೆದು ಬೇಕರಿಯವರನ್ನು ಹುಡುಕಿದರೆ ಅಂಗಡಿ ಕೈ ಬದಲಾಗಿರುತ್ತದೆ. ಜೊತೆಗೆ ಬಿಎನ್‌ಎಸ್‌ಎಸ್ ಕಲಂ 193ರ ಪ್ರಕಾರ ಎಲೆಕ್ಟ್ರಾನಿಕ್ ಸಾಧನ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವ ಸರಣಿಯನ್ನೂ ಚಾರ್ಜ್‌ಶೀಟಿನಲ್ಲೇ ಹೇಳಬೇಕು. ಆನ್‌ಲೈನ್ ವಂಚನೆ ಕೇಸುಗಳಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟಿಗೆ 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಆಕ್ಟ್ ಪ್ರಕಾರ ಬ್ಯಾಂಕಿನವರ ದೃಢೀಕರಣ, ಕರೆ ವಿವರಕ್ಕೆ ಮೊಬೈಲ್ ಕಂಪನಿಯ ನೋಡಲ್ ಅಧಿಕಾರಿಯ ಸರ್ಟಿಫಿಕೇಟ್. ಇವನ್ನು ದಾಖಲೆ ಕೇಳುವ ಪತ್ರದಲ್ಲೇ ಕೇಳಿದರೆ ಎರಡನೇ ಸಲ ಬರೆಯುವುದು ತಪ್ಪುತ್ತದೆ.

ಪಂಚರ, ಅಂದರೆ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕುವವರ ಬಗ್ಗೆ. 'ಠಾಣೆಗೆ ಕರೆದರು, ಸಹಿ ಹಾಕಿ ಅಂದರು, ಹಾಕಿದೆ.' ಕೋರ್ಟಿನಲ್ಲಿ ಈ ಮಾತು ಕೇಳದ ಪ್ರಾಸಿಕ್ಯೂಟರ್ ನಮ್ಮಲ್ಲಿ ಇರಲಿಕ್ಕಿಲ್ಲ. ಈಗ ಬಿಎನ್‌ಎಸ್‌ಎಸ್ ಕಲಂ 105ರಂತೆ ಶೋಧ, ಜಪ್ತಿ, ಪಟ್ಟಿ ಮಾಡುವುದು, ಸಹಿ ಹಾಕಿಸುವುದು ಎಲ್ಲವೂ ವಿಡಿಯೊ ಆಗಬೇಕು, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಇದು ನಿಮಗೇ ರಕ್ಷಣೆ. ಆದರೆ ವಿಡಿಯೊದ ಸಮಯ ಒಂದು, ಮಹಜರಿನ ಸಮಯ ಒಂದು ಇದ್ದರೆ ಆ ರಕ್ಷಣೆಯೇ ತಿರುಗಿ ಹೊಡೆಯುತ್ತದೆ. ಆರೋಪಿ ತೋರಿಸಿಕೊಟ್ಟ ವಸ್ತುವಿನ ಜಪ್ತಿ ಆದರೆ 2022ರ ಸುಬ್ರಮಣ್ಯ ವರ್ಸಸ್ ಸ್ಟೇಟ್ ಆಫ್ ಕರ್ನಾಟಕ ತೀರ್ಪನ್ನು ಪೂರ್ತಿ ಓದಿ. ಆರೋಪಿ ಠಾಣೆಯಲ್ಲಿ 'ತೋರಿಸುತ್ತೇನೆ' ಅಂತ ಹೇಳುವಾಗಲೇ ಪಂಚರು ಅಲ್ಲಿರಬೇಕು, ಅವನು ಆಡಿದ ಮಾತು ಅವನ ಮಾತಿನಲ್ಲೇ ಪಂಚನಾಮೆಗೆ ಬರಬೇಕು. ಆ ಕೇಸಿನಲ್ಲಿ ಇದು ಸರಿಯಾಗಿ ಆಗಿರಲಿಲ್ಲ. ಕೊಲೆ ಆರೋಪಿ ಬಿಡುಗಡೆಯಾದ.

ಮಾದಕ ವಸ್ತುವಿನ ಕೇಸುಗಳು ಮಂಗಳೂರು ಕಡೆ ಬಹಳ. ಅದು ಬೇರೆಯೇ ಉತ್ತರ ಬೇಡುವ ವಿಷಯ, ಒಂದೇ ಸಂಗತಿ ಹೇಳುತ್ತೇನೆ. ಎಂಡಿಎಂಎ 10 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ, ಜಾಮೀನು, ಶಿಕ್ಷೆ ಎಲ್ಲ ಬದಲಾಗುತ್ತದೆ. ಪ್ಲಾಸ್ಟಿಕ್ ಕವರ್ ಸಮೇತ ತೂಗಿ 10.4 ಗ್ರಾಂ ಅಂತ ಬರೆದದ್ದು ಆಮೇಲೆ ಕವರ್ ಬಿಟ್ಟು 9.6 ಆದರೆ ಇಡೀ ಕೇಸಿನ ಬುಡವೇ ಅಲ್ಲಾಡುತ್ತದೆ. ಕವರ್ ಬೇರೆ, ವಸ್ತು ಬೇರೆ ತೂಗಿ ಎರಡನ್ನೂ ಬರೆಯಿರಿ. ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯ ಕಲಂ 52ಎ ಪ್ರಕಾರ ಮಾದರಿ ತೆಗೆಯುವುದು ಮ್ಯಾಜಿಸ್ಟ್ರೇಟರ ಮುಂದೆ. ಮಂಗಳೂರಿನ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಮಾದರಿ ಒಯ್ದ ಸಿಬ್ಬಂದಿಯ ಹೆಸರನ್ನು ಸಾಕ್ಷಿ ಪಟ್ಟಿಯಲ್ಲಿ ಮರೆಯಬೇಡಿ.

ಸಾಕ್ಷಿ ಸಿಗದ ಸಮಸ್ಯೆ ಕರಾವಳಿಯಲ್ಲಿ ಬೇರೆ ಕಡೆಗಿಂತ ಜಾಸ್ತಿ. ಮಲ್ಪೆಯ ಬೋಟಿನಲ್ಲಿ ಇದ್ದವರು ಒಡಿಶಾದವರು, ಮಳೆಗಾಲದ ನಿಷೇಧ ಬಂದ ಕೂಡಲೇ ಊರಿಗೆ. ಹಾಸ್ಟೆಲಿನ ಹುಡುಗರು ಕೋರ್ಸ್ ಮುಗಿಸಿ ಕೇರಳಕ್ಕೆ. ರಜೆಗೆ ಬಂದವರು ಮಸ್ಕತ್‌ಗೆ. ಹೇಳಿಕೆ ಬರೆಯುವ ದಿನವೇ ಸ್ವಂತ ಊರಿನ ವಿಳಾಸ, ಅಲ್ಲಿನ ಠಾಣೆ, ಮನೆಯ ಇನ್ನೊಬ್ಬರ ನಂಬರ್, ವಿದೇಶಕ್ಕೆ ಹೋಗುವವರಾದರೆ ಹೋಗುವ ದಿನ, ಕಂಪನಿಯ ವಿಳಾಸ ಎಲ್ಲ ತೆಗೆದುಕೊಳ್ಳಿ. ಮುಖ್ಯ ಸಾಕ್ಷಿ ಆದರೆ ಹೋಗುವ ಮೊದಲು ಬಿಎನ್‌ಎಸ್‌ಎಸ್ ಕಲಂ 183ರಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಮಾಡಿಸಿ. ವಿಚಾರಣೆ ಹೊತ್ತಿಗೆ ಆಡಿಯೊ ವಿಡಿಯೊ ಮೂಲಕ ಸಾಕ್ಷ್ಯ ಕೊಡಿಸಲು ಈಗ ಬಿಎನ್‌ಎಸ್‌ಎಸ್‌ನಲ್ಲೇ ದಾರಿ ಇದೆ. ಆದರೆ ಸಾಕ್ಷಿ ಎಲ್ಲಿದ್ದಾರೆ ಅಂತ ಫೈಲಿನಲ್ಲಿ ಇದ್ದರೆ ತಾನೆ ಎಪಿಪಿ ಅರ್ಜಿ ಹಾಕುವುದು?

ಇಷ್ಟನ್ನೆಲ್ಲ ಯಾರು ನೆನಪಿಟ್ಟುಕೊಳ್ಳುತ್ತಾರೆ ಅಂತ ನೀವು ಕೇಳಬಹುದು. ನಾನು ಕಿರಿಯ ಅಧಿಕಾರಿಗಳಿಗೆ ಹೇಳುತ್ತಾ ಬಂದದ್ದು ಒಂದು ಹಾಳೆಯ ಕೆಲಸ. ಎಫ್‌ಐಆರ್ ಆದ ವಾರದೊಳಗೆ ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ. ಮೊದಲನೆಯದರಲ್ಲಿ, ಹಾಕಿದ ಕಲಂ ಸಾಬೀತಾಗಲು ಏನೇನು ಬೇಕು ಅಂತ ಬಿಡಿಬಿಡಿಯಾಗಿ ಬರೆಯಿರಿ. ಎರಡನೆಯದರಲ್ಲಿ ಅದಕ್ಕೆ ನಿಮ್ಮ ಬಳಿ ಇರುವ ಸಾಕ್ಷ್ಯ. ಮೂರನೆಯದರಲ್ಲಿ ಅದನ್ನು ಕೋರ್ಟಿನಲ್ಲಿ ಯಾರು ಹೇಳುತ್ತಾರೆ. ಖಾಲಿ ಉಳಿದ ಜಾಗವೇ ನಿಮ್ಮ ಮುಂದಿನ ತನಿಖೆ. ಗಂಭೀರ ಕೇಸ್ ಆದರೆ ಆ ಹಾಳೆ ಹಿಡಿದು ಎಪಿಪಿ ಅವರನ್ನು ಆಗಲೇ ಹೋಗಿ ಕಾಣಿ. ಬಂಧನದಲ್ಲಿರುವವರ ಕೇಸಿನಲ್ಲಿ ಚಾರ್ಜ್‌ಶೀಟ್ ಹಾಕಲು 60 ಅಥವಾ 90 ದಿನದ ಗಡುವು ಇರುತ್ತದೆ. 58ನೇ ದಿನ ಕರಡು ಕೊಟ್ಟರೆ ಅವರೂ ಏನು ಮಾಡಲಿ? ಆಕ್ಷೇಪಣೆ ಬರೆದರೆ ಆರೋಪಿಗೆ ಗಡುವು ಮೀರಿದ ಜಾಮೀನು, ಬರೆಯದಿದ್ದರೆ ಹರಕು ಫೈಲ್.

ಫೈಲಿನ ಹೊರರೂಪದ ಬಗ್ಗೆ ಎರಡು ಮಾತು. ಕೇಸ್ ಡೈರಿ ಪುಟಸಂಖ್ಯೆ ಹಾಕಿದ ಸಂಪುಟ ಆಗಿರಬೇಕು, ಆರೋಪಿಗೆ ಕೊಡುವ ಪ್ರತಿಗಳಿಗೆ ಸೂಚಿ ಬೇಕು. ಇವು ಕಾನೂನಿನಲ್ಲೇ ಇವೆ. ಡೈರಿಯನ್ನು ಕೊನೆಗೆ ಒಂದೇ ದಿನ ಕೂತು ಬರೆಸಬೇಡಿ. 2024ರ ಜುಲೈ 1ರ ಹಿಂದಿನ ಕೃತ್ಯಕ್ಕೆ ಐಪಿಸಿ, ನಂತರದ್ದಕ್ಕೆ ಬಿಎನ್‌ಎಸ್. ಹಳೆ ಕೃತ್ಯ, ಹೊಸ ಎಫ್‌ಐಆರ್ ಇರುವ ವಂಚನೆ ಕೇಸುಗಳಲ್ಲಿ ಇದು ಈಗಲೂ ತಪ್ಪಾಗುತ್ತಿದೆ.

ಇನ್ನೊಂದು ಕೆಲಸ ಯಾರೂ ಹೇಳಿಕೊಡುವುದಿಲ್ಲ. ನಿಮ್ಮ ಠಾಣೆಯ ಕೇಸುಗಳಲ್ಲಿ ಬಿಡುಗಡೆ ಆದ ತೀರ್ಪುಗಳ ಪ್ರತಿ ತರಿಸಿಕೊಂಡು ಓದಿ. ಬಿಡುಗಡೆಯಾದ ಪ್ರತಿ ಕೇಸಿನಲ್ಲೂ ತಪ್ಪು ಎಲ್ಲಾಯಿತು ಅಂತ ಹಿರಿಯ ಅಧಿಕಾರಿಗಳ ಸಮಿತಿ ನೋಡಬೇಕು, ಆ ಪಾಠ ತರಬೇತಿಗೆ ಸೇರಬೇಕು ಅಂತ ಕಿಶನ್‌ಭಾಯಿ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿದೆ. ಸಮಿತಿ ನೋಡುವುದು ಒಂದು ಕಡೆ ಇರಲಿ. ಹೇಳಿಕೆ ಟೈಪ್ ಮಾಡುವ ನಿಮ್ಮ ರೈಟರ್ ಆ ತೀರ್ಪು ಓದಿದರೆ ಮುಂದಿನ ಫೈಲ್ ತಾನಾಗಿ ಬದಲಾಗುತ್ತದೆ. ಅವರನ್ನು ಕೂರಿಸಿ ಓದಿಸಿ, ಯಾವ ಸಾಲಿನಿಂದ ಕೇಸ್ ಬಿತ್ತು ಅಂತ ತೋರಿಸಿ.

ಈಗ ನಿಮ್ಮ ಎರಡನೇ ಪ್ರಶ್ನೆ. ಎಪಿಪಿ 'ನಿಲ್ಲೋದಿಲ್ಲ' ಅಂದರು ಅಂತ ಬಿ ರಿಪೋರ್ಟ್ ಹಾಕಲೇಬೇಕು ಅಂತೇನಿಲ್ಲ. ತನಿಖೆ ಪೊಲೀಸರದ್ದು, ಅದರ ತೀರ್ಮಾನವೂ ಪೊಲೀಸರದ್ದೇ. ಪ್ರಾಸಿಕ್ಯೂಟರ್ ಅಭಿಪ್ರಾಯ ಪಡೆದೇ ವರದಿ ಹಾಕಿ ಅಂತ ತನಿಖಾಧಿಕಾರಿಯನ್ನು ಒತ್ತಾಯಿಸುವ ಹಾಗಿಲ್ಲ ಅಂತ ಆರ್. ಸರಳಾ ಪ್ರಕರಣದಲ್ಲಿ 2000ದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಈಗ ಬಿಎನ್‌ಎಸ್‌ಎಸ್ ಕಲಂ 20ರಲ್ಲಿ, 7ರಿಂದ 10 ವರ್ಷದೊಳಗಿನ ಶಿಕ್ಷೆಯ ಕೇಸುಗಳ ಪೊಲೀಸ್ ವರದಿ ಪರಿಶೀಲಿಸುವ ಕೆಲಸವನ್ನು ಅಭಿಯೋಜನೆಯ ಉಪ ನಿರ್ದೇಶಕರಿಗೆ ಕೊಟ್ಟಿದ್ದಾರೆ. ಅದು ಪರಿಶೀಲನೆ, ಆಜ್ಞೆ ಅಲ್ಲ. ಹಾಗಂತ ಎಪಿಪಿ ಮಾತನ್ನು ತಳ್ಳಿ ಹಾಕಬೇಡಿ. ಯಾಕೆ ನಿಲ್ಲುವುದಿಲ್ಲ ಅಂತ ಬರಹದಲ್ಲಿ ಕೇಳಿ. ಒಂದು ಕಲಂ ಮಾತ್ರ ನಿಲ್ಲದಿದ್ದರೆ ಅದನ್ನು ಬಿಡಿ, ಒಬ್ಬ ಆರೋಪಿ ಮಾತ್ರ ಆದರೆ ಅವನನ್ನು ಬಿಡಿ. ಸಾಕ್ಷ್ಯ ಇನ್ನೂ ಸಿಗುವ ಹಾಗಿದ್ದರೆ ತನಿಖೆ ಮುಂದುವರಿಸಿ. ಅವರ ಅಭಿಪ್ರಾಯವನ್ನು ನೀವು ಒಪ್ಪದಿದ್ದರೆ, ಒಪ್ಪದ ಕಾರಣವನ್ನು ಡೈರಿಯಲ್ಲಿ ಬರೆದು ಮೇಲಧಿಕಾರಿಯ ಗಮನಕ್ಕೆ ತನ್ನಿ.

ಎಲ್ಲ ನೋಡಿದ ಮೇಲೂ ಸಾಕ್ಷ್ಯ ಇಲ್ಲ ಅಂತ ನಿಮಗೇ ಅನಿಸಿದರೆ ಬಿ ರಿಪೋರ್ಟ್ ಹಾಕಲು ಹಿಂಜರಿಯಬೇಡಿ. ಆದರೆ ಅದನ್ನೂ ಚಾರ್ಜ್‌ಶೀಟಿನಷ್ಟೇ ಪೂರ್ತಿಯಾಗಿ ಮಾಡಿ: ಯಾರನ್ನು ವಿಚಾರಿಸಿದಿರಿ, ಏನು ಹುಡುಕಿದಿರಿ, ಯಾವುದು ಯಾಕೆ ಸಿಗಲಿಲ್ಲ. ವರದಿ ಒಪ್ಪುವ ಮೊದಲು ಪಿರ್ಯಾದಿದಾರರಿಗೆ ತಿಳಿಸಿ ಅವರ ಮಾತು ಕೇಳಬೇಕು ಅಂತ 1985ರ ಭಗವಂತ್ ಸಿಂಗ್ ತೀರ್ಪು ಇದೆ. ಅವರು ತಕರಾರು ಅರ್ಜಿ ಹಾಕಬಹುದು. ಮ್ಯಾಜಿಸ್ಟ್ರೇಟರು ನಿಮ್ಮ ವರದಿ ಒಪ್ಪದೆ ಇನ್ನೂ ತನಿಖೆ ಮಾಡಿ ಅನ್ನಬಹುದು, ಅದೇ ಕಾಗದಗಳ ಮೇಲೆ ಕೇಸ್ ನಡೆಸಲೂಬಹುದು. ಹಾಗಾಗಿ ಬಿ ರಿಪೋರ್ಟ್ ಜೊತೆ ಎಲ್ಲ ಹೇಳಿಕೆಗಳನ್ನೂ ಲಗತ್ತಿಸಿ. ಪಿರ್ಯಾದಿದಾರರಿಗೆ ಕೊಟ್ಟ ತಿಳುವಳಿಕೆ ಪತ್ರದ ಸ್ವೀಕೃತಿಯನ್ನು, ಅವರ ಸಹಿ ಮತ್ತು ದಿನಾಂಕ ಸಮೇತ, ಫೈಲಿನ ಮೊದಲಲ್ಲೇ ಇಡಿ.